ಬಕೆಟ್ಟಿನಲ್ಲಿ ಬಲಗೈ

"ನಾನು ಕೈ ಹಾಕಿದ ಕೆಲಸ ಅರ್ಧಕ್ಕೆ ಬಿಡೋನೇ ಅಲ್ಲ ಕಣೇ!"

ಗಡಿಯಾರ ರಿಪೇರಿಯವರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತಲಿಲ್ಲ. ಮೂವತ್ತು ವರ್ಷ ಸಾಸಿವೆಯಂಥ ಸ್ಕ್ರೂಗಳನ್ನೇ ನೋಡಿ ಬೇಸತ್ತಿದ್ದ ಇವರು ಈಗ ಜಗತ್ತಿನ ಕಲೆಯ ಇತಿಹಾಸವನ್ನೇ ಅರೆದು ಕುಡಿಯಲು ಹೊರಟಿದ್ದರು. ಆನ್‌ಲೈನ್ ಕೋರ್ಸು. ವಾರಕ್ಕೊಂದು ಯುಗ. ಪಾಠ ಕೇಳಿದರೆ ಸಾಲದು, ಆ ಯುಗದವರಂತೆ ತಾವೂ ಒಂದು ಕೃತಿ ಮಾಡಿ ಫೋಟೋ ಕಳಿಸಬೇಕು.

ಮೊದಲ ವಾರ ಗುಹಾಚಿತ್ರ. ಆದಿಮಾನವ ಗೋಡೆಗೆ ಅಂಗೈಯೊತ್ತಿ ಬಾಯಿಂದ ಕೆಮ್ಮಣ್ಣು ಊದಿದನಂತೆ. ಇವರೂ ಊದಿದರು. ಗೋಡೆಗೆ ಬಿದ್ದದ್ದು ಕಾಲುಪಾಲು. ಮಿಕ್ಕದ್ದೆಲ್ಲ ಹೆಂಡತಿ ಗಿರಾಕಿಗೆಂದು ಹೊಲಿದಿಟ್ಟಿದ್ದ ಬಿಳಿ ಪರದೆಗೆ!

"ಆದಿಮಾನವನಿಗೆ ಹೆಂಡತಿ ಇರ್ಲಿಲ್ವಾ?"

"ಇದ್ಳು. ಪರದೆ ಹೊಲೀತಿರ್ಲಿಲ್ಲ!"

ಎರಡನೇ ವಾರ ಪ್ರಾಚೀನ ಶಿಲ್ಪ. ಸ್ವಂತ ಕೈಯ ಅಚ್ಚು ತೆಗೆಯಬೇಕು. ಮೊದಲು ಮೆತ್ತನೆಯ ಜೇಡಿಮಣ್ಣಿನಲ್ಲಿ ಕೈ ಒತ್ತಿ, ಆ ಗುಳಿಗೆ ಪ್ಲಾಸ್ಟರ್ ಸುರಿಯಿರಿ ಎಂದು ಕೋರ್ಸಿನ ಮೇಡಂ ವೀಡಿಯೋದಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದರು. ಇವರು ಆ ಭಾಗವನ್ನು ನೋಡದೆ ಮುಂದಕ್ಕೆ ಓಡಿಸಿಬಿಟ್ಟರು. ಚಿಕ್ಕ ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸಿ, ಬಲಗೈಯನ್ನು ಮಣಿಕಟ್ಟಿನವರೆಗೆ ನೇರವಾಗಿ ಇಳಿಸಿ, ಮಹಾಶಿಲ್ಪಿಯ ಗತ್ತಿನಲ್ಲಿ ಕಣ್ಣುಮುಚ್ಚಿ ಕೂತರು.

ಹತ್ತು ನಿಮಿಷಕ್ಕೆ ಬಕೆಟ್ಟು ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಗಾಬರಿಯಿಂದ ಕೈ ಎಳೆದರೆ, ಕೈಯ ಜೊತೆ ಬಕೆಟ್ಟೂ ಎದ್ದು ಬಂತು!

"ಲೇ, ಬಾರೇ ಇಲ್ಲಿ! ಕೈ ಬರ್ತಿಲ್ಲ!"

"ಕೈ ಹಾಕಿದ್ದನ್ನ ಬಿಡೋನಲ್ಲ ಅಂದ್ರಿ?"

"ನಾನು ಬಿಟ್ಟಿದೀನಿ ಕಣೇ, ಅದು ಬಿಡ್ತಿಲ್ಲ!"

ಬಕೆಟ್ಟು ಮುಟ್ಟಿ ನೋಡಿದ ಹೆಂಡತಿಯ ನಗು ಅಲ್ಲೇ ಇಂಗಿತು. ಆ ಬಲಗೈಯೇ ಅಂಗಡಿ, ಆ ಬಲಗೈಯೇ ಮನೆ. ತಣ್ಣೀರು ಸುರಿದರು, ಎಳೆದರು, ಬೈದರು. ಕೊನೆಗೆ ಬಕೆಟ್ಟಿನ ಸಮೇತ ಗಂಡನನ್ನು ಬಸ್ಸು ಹತ್ತಿಸಿದರು.

"ಬಕೆಟ್ಟಲ್ಲೇನಪ್ಪಾ, ಮೀನಾ?" ಪಕ್ಕದ ಸೀಟಿನ ಅಜ್ಜಿ ಕೇಳಿದರು.

"ಕೈ, ಅಜ್ಜಿ."

ಅಜ್ಜಿ ಎದ್ದು ಹಿಂದಿನ ಸೀಟಿಗೆ ಹೋದರು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕತ್ತರಿಸುವವರು ಬಕೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡೋರನ್ನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಪ್ಲಾಸ್ಟರಿಗೇ ಕೈ ಹಾಕಿದೋರನ್ನ ಇವತ್ತೇ ನೋಡ್ತಿರೋದು!"

ಗರಗಸ ಗುಂಯ್‌ಗುಟ್ಟಿತು. ಗಡಿಯಾರದವರ ಮುಖ ಪ್ಲಾಸ್ಟರಿಗಿಂತ ಬೆಳ್ಳಗಾಯಿತು.

"ನನ್ನ ಕೈಯೇ ಹೋದ್ರೆ..."

"ಸುಮ್ನಿರಿ. ನನ್ನ ಹತ್ರ ಎರಡಿವೆ," ಎಂದರು ಹೆಂಡತಿ.

ಮೊದಲು ಬಕೆಟ್ಟು ಸೀಳಿತು. ಮುಕ್ಕಾಲು ಗಂಟೆಯ ಮೇಲೆ, ಟಕ್! ಪ್ಲಾಸ್ಟರ್ ಎರಡು ಹೋಳಾಯಿತು. ಕೆಂಡದಂತೆ ಕೆಂಪಗೆ, ಒಂದು ಕೂದಲೂ ಇಲ್ಲದೆ, ಕೈ ಹೊರಬಂತು. ಮೊದಲು ಹೆಬ್ಬೆರಳು ಅಲ್ಲಾಡಿತು. ಆಮೇಲೆ ಉಳಿದ ನಾಲ್ಕು. ಹೆಂಡತಿ ಐದೂ ಬೆರಳನ್ನು ಎಣಿಸಿದರು. ನಂಬಿಕೆ ಸಾಲದೆ ಮತ್ತೊಮ್ಮೆ ಎಣಿಸಿದರು. ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿ ತೆಗೆದು ಕೊಟ್ಟರು. ಗಡಿಯಾರದವರು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದರು. ಸೂಜಿ ಕೂದಲೆಳೆಯಷ್ಟೂ ಅದುರಲಿಲ್ಲ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಯಾಕೆಂದು ತಿಳಿಯದೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಆ ಎರಡು ಹೋಳನ್ನು ಬಿಸಾಕಲು ಹೆಂಡತಿಗೆ ಮನಸ್ಸು ಬರಲಿಲ್ಲ. ಮನೆಗೆ ತಂದು, ಒಳಗೆ ಎಣ್ಣೆ ಸವರಿ, ಹೊಲಿಗೆಯವರ ನಾಜೂಕಿನಲ್ಲಿ ಜೋಡಿಸಿ ಕಟ್ಟಿ, ಮಿಕ್ಕಿದ್ದ ಪ್ಲಾಸ್ಟರನ್ನು ಕಲಸಿ ಸುರಿದರು. ಮರುದಿನ ಬಿಚ್ಚಿದರೆ, ಅಬ್ಬಾ! ಉಗುರು, ಗೆಣ್ಣು, ಚಿಮುಟ ಹಿಡಿದು ಹಿಡಿದು ತೋರುಬೆರಳಲ್ಲಿ ಕಟ್ಟಿದ ಜಡ್ಡು, ಎಲ್ಲವೂ ಇದ್ದ ಹಾಗೇ ಮೂಡಿದ್ದವು!

ಗಡಿಯಾರದವರು ಫೋಟೋ ಕಳಿಸಿದರು. ಸುಳ್ಳು ಹೇಳಲಾರದೆ ನಡೆದದ್ದನ್ನೆಲ್ಲ ಬರೆದರು. ಆದರೂ ಕೈ ತಮ್ಮದಲ್ಲವೇ, ಹೊಗಳಿಕೆಯಲ್ಲಿ ಅರ್ಧವಾದರೂ ತಮಗೆ ಬರಬೇಕಲ್ಲ? ಮೂರನೇ ದಿನ ಮೇಡಂ ಉತ್ತರ ಬಂತು. ಗಡಿಯಾರದವರು ಗಂಟಲು ಸರಿಮಾಡಿಕೊಂಡು, ಹೆಂಡತಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು:

"ಈ ವಾರದ ಅತ್ಯುತ್ತಮ ಕೃತಿ ನಿಮ್ಮ ಮನೆಯವರದು. ಅವರಿಗೆ ಅಭಿನಂದನೆ ತಿಳಿಸಿ. ನಿಮಗೂ ಅಭಿನಂದನೆ. ಇಷ್ಟು ಹೊತ್ತು ಅಲ್ಲಾಡದೆ ಕೂರುವ ಮಾಡೆಲ್ ಸಿಗುವುದು ಬಹಳ ಅಪರೂಪ!"