ದಯಾವಂತಿಯೂ ದಯೆಯಿಲ್ಲದ ನಮ್ಮತ್ತೆಯೂ

ಸ್ವಲ್ಪ ತಾಳಿ! ಮುಂದೆ ಓದುವ ಮೊದಲು ನಿಮ್ಮ ಬಲಗೈಯನ್ನೊಮ್ಮೆ ಮೂಸಿ ನೋಡಿಕೊಳ್ಳಿ. ಲವಂಗದ ವಾಸನೆ ಇಲ್ಲ ತಾನೇ? ಇದ್ದರೆ ಮಧುಗಿರಿಯ ನಮ್ಮ ಬೀದಿಗೆ ಮಾತ್ರ ಕಾಲಿಡಬೇಡಿ. ಅಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಬೆಟ್ಟದ ಕೋಟೆಗೆ ಹಿಂದೆ ಅವಳೊಬ್ಬಳನ್ನು ಕಾವಲಿಗಿಟ್ಟಿದ್ದರೆ ಸಾಕಿತ್ತು, ಫಿರಂಗಿಗಳೆಲ್ಲ ದಂಡ!

ಈಗ ಅವಳು ಕಾಯುವುದು ಕೋಟೆಯನ್ನಲ್ಲ. ಒಂದೇ ಒಂದು ಹೂವಿನ ಗಿಡವನ್ನು.

ಅತ್ತೆ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ಆಸ್ಪತ್ರೆಯ ನರ್ಸಮ್ಮ ವರ್ಗವಾಗಿ ಹೋಗುವಾಗ ಅವಳಿಗೊಂದು ಗಿಡ ಕೊಟ್ಟು, "ಇದು ಡಯಾಂಥಸ್ ಕಣಮ್ಮ, ಒಂದು ಸಲ ನೆಟ್ಟರೆ ವರ್ಷ ವರ್ಷವೂ ಹೂ ಬಿಡುತ್ತೆ" ಎಂದಿದ್ದರಂತೆ. ಅತ್ತೆಯ ಬಾಯಲ್ಲಿ ಅದು ಮೊದಲು ದಯಾಂತಸು ಆಯಿತು, ಹದಿನೈದು ದಿನದಲ್ಲಿ ದಯಾವಂತಿ ಆಯಿತು. ಅಂಚು ಕತ್ತರಿಸಿದಂಥ ಗುಲಾಬಿ ಬಣ್ಣದ ಪುಟ್ಟ ಹೂವು, ಮೂಸಿದರೆ ಲವಂಗ!

ನನಗೂ ಗಿಡದ ಹುಚ್ಚು. ಯಾರೂ ಕಲಿಸಿದ್ದಲ್ಲ, ಅತ್ತೆಯ ಬೆನ್ನ ಹಿಂದೆ ನಿಂತು ಕದ್ದು ಕಲಿತದ್ದು. ದಯಾವಂತಿಗೆ ಬೆಳಗಿನ ಬಿಸಿಲು ಬೇಕು, ನಮ್ಮೂರ ಬಂಡೆ ಉಗುಳುವ ಮಧ್ಯಾಹ್ನದ ಕಾವು ಬೇಡ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬಾಡಿದ ಹೂವನ್ನು ಆಗಿಂದಾಗ ಚಿವುಟಿದರೆ ಮತ್ತೆ ಮೊಗ್ಗು. ಮಣ್ಣಿಗೆ ಮರಳು, ಹಳೇ ಗಾರೆಯ ಪುಡಿ. ಗಾರೆ ಎಲ್ಲಿಂದ ಬಂತು? ಅದನ್ನು ಪಕ್ಕದ ಮನೆಯ ಸಾಕಮ್ಮ ಕೇಳಿದ್ದಳು.

"ಅಲ್ಲ ಕಣಕ್ಕಾ, ನಮ್ ಹಿತ್ಲು ಗೋಡೆ ಯಾಕೋ ದಿನಾ ದಿನಾ ಸಣ್ಣಗಾಯ್ತಾ ಐತಲ್ಲ?"

"ವಯಸ್ಸಾದ್ರೆ ಎಲ್ರೂ ಸಣ್ಣಗಾಯ್ತಾರೆ ಬುಡು," ಎಂದಳು ಅತ್ತೆ. ಅವತ್ತಿನಿಂದ ಸಾಕಮ್ಮನ ಮೇಲೆ ಅತ್ತೆಗೇ ಅನುಮಾನ! ಗೋಡೆ ನೋಡುವ ನೆಪದಲ್ಲಿ ಹೂವು ಕೀಳುತ್ತಾಳಂತೆ!

ಗುಡಿಯ ಅಯ್ನೋರೂ ಬಂದರು. "ದಯಾವಂತಿ ಅಂತ ಹೆಸ್ರು ಮಡಗಿದ್ದೀಯ. ಸೋಮವಾರಕ್ಕೆ ದೇವ್ರಿಗೆ ನಾಕು ಹೂವು ಕೊಡಮ್ಮ."

"ಅದು ಇಂಗ್ಲೀಸು ಹೂವು ಸ್ವಾಮಿ. ಮಂತ್ರ ತಿಳಿಯಕಿಲ್ಲ."

ದೇವರನ್ನೇ ಹಿಂದಕ್ಕೆ ಕಳಿಸಿದವಳು ನಮ್ಮನ್ನು ಬಿಟ್ಟಾಳೆಯೇ? ಹಿತ್ತಿಲಿಗೆ ಹೋಗಿ ಬಂದವರನ್ನೆಲ್ಲ ನಿಲ್ಲಿಸಿ, "ಕೈ ತೋರ್ಸು" ಎನ್ನುತ್ತಿದ್ದಳು. ತೋರಿಸಿದರೆ ಮೂಸುತ್ತಿದ್ದಳು. ಹೂವು ಕಿತ್ತ ಕೈ ಲವಂಗವನ್ನು ಬಚ್ಚಿಡುವುದು ಹೇಗೆ? ನಮ್ಮಪ್ಪನ ಕೈಯನ್ನೂ ಬಿಡಲಿಲ್ಲ!

ಆಮೇಲೆ ಬಂತು ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಸಿರಾದಿಂದ ಮೂಗೆಲ್ಲ ಮಸಿ ಮಾಡಿಕೊಂಡು ಬಂದರು, ಹಿತ್ತಿಲ ಬಚ್ಚಲಲ್ಲಿ ಕೈಕಾಲು ತೊಳೆದು ಚಾಪೆಯ ಮೇಲೆ ಕೂತರು. ಅಷ್ಟರಲ್ಲಿ ಅತ್ತೆ ಬಿರುಗಾಳಿಯಂತೆ ಒಳಗೆ ಬಂದಳು. ಒಂದು ಹೂವು ಕಾಣೆ! ನಡುಮನೆಯ ಮಧ್ಯೆ ನಿಂತು ಗಾಳಿ ಮೂಸಿದಳು. ಮೂಸುತ್ತಾ ಮೂಸುತ್ತಾ ಹೋಗಿ ನಿಂತದ್ದು ಗಂಡಿನ ತಂದೆಯ ಮುಂದೆ.

"ಯಜಮಾನ್ರೇ, ಬಾಯಿ ತೆಗೀರಿ."

ನಮ್ಮಪ್ಪ ತಲೆಯ ಮೇಲೆ ಕೈ ಹೊತ್ತರು. ಆ ದೊಡ್ಡ ಮನುಷ್ಯರು ಪಾಪ, ಬಾಯಿ ತೆರೆದೇಬಿಟ್ಟರು! ವೀಳ್ಯದೆಲೆ, ಅಡಕೆ, ನಡುವೆ ಒಂದು ಲವಂಗ.

"ಅಂಗಡಿ ಲವಂಗ ಕಣಮ್ಮ! ನಿಮ್ ಮನೇದಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದಿದ್ದವರು ಇಬ್ಬರೇ, ಅತ್ತೆ ಮತ್ತು ನಾನು. ಅತ್ತೆ ಮೆಲ್ಲಗೆ ನನ್ನ ಕಡೆ ತಿರುಗಿದಳು. ಅಡಿಗೆಮನೆಗೆ ಎಳೆದುಕೊಂಡು ಹೋಗಿ ನನ್ನ ಜಡೆ ಮೂಸಿದಳು. ಮಲ್ಲಿಗೆಯ ಅಡಿಯಲ್ಲಿ ಅವಿತಿತ್ತು ದಯಾವಂತಿ.

ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಬೈಯಲಿಲ್ಲ.

"ಇನ್ನೇನ್ ಮಾಡದು, ಮುಡ್ಕಂಬುಟ್ಟಿದ್ದೀಯ," ಎಂದಳು. ದನಿ ಸಣ್ಣಗಾಗಿತ್ತು. "ನಾನು ಮಲ್ಲಿಗೆ ಮೂಸಿದ್ರೆ ಜನ ಒಂಥರಾ ನೋಡ್ತಾರೆ ಕಣೇ. ಇದು ದೇವ್ರಿಗೂ ಅಲ್ಲ, ಮುಡಿಯಕ್ಕೂ ಅಲ್ಲ ಅಂತ, ಮೂಸಿದ್ರೂ ಯಾರೂ ನನ್ನ ಏನೂ ಅಂತಿರಲಿಲ್ಲ. ಇನ್ ಮ್ಯಾಲೆ ಇದೂ ಮುತ್ತೈದೆ ಹೂವೇ ಆಯ್ತದೆ."

ನನ್ನ ಕೈ ತಾನಾಗಿ ಜಡೆಗೆ ಹೋಯಿತು. ಹೂವನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ. "ಯಾರೂ ನೋಡಿಲ್ಲ ಅತ್ತೆ," ಎಂದೆ. ಇಷ್ಟು ವರ್ಷ ಊರವರ ಕೈಯನ್ನೆಲ್ಲ ಮೂಸಿದವಳು ಅವತ್ತು ತನ್ನ ಕೈಯನ್ನೇ ಮೂಸುತ್ತಾ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು.

ಬಾಯಿ ತೆರೆದು ತೋರಿಸಿದ ಆ ದೊಡ್ಡ ಮನುಷ್ಯರೇ ಈಗ ನನ್ನ ಮಾವನವರು. ಸಿರಾಕ್ಕೆ ಹೊರಟ ದಿನ ಅತ್ತೆ ಹೂವಿಲ್ಲದ ಎರಡು ರೆಂಬೆಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಒದ್ದೆ ಮರಳಿನ ಕುಡಿಕೆಯಲ್ಲಿ ಊರಿ ನನ್ನ ಮಡಿಲಿಗಿಟ್ಟಳು. ಎರಡೂ ಬೇರು ಬಿಟ್ಟಿವೆ. ಪೂಜೆಗೆ ಬರುತ್ತದೆಯೇ ಎಂದು ಇಲ್ಲಿ ಯಾರಾದರೂ ಕೇಳಿದರೆ, ಅದು ಕೆಮ್ಮಿನ ಕಷಾಯದ ಗಿಡ ಎಂದು ಸುಳ್ಳು ಹೇಳುತ್ತೇನೆ. ಅತ್ತೆ ಬಂದಾಗ ಮೂಸಲು ಒಂದು ಹೂವಾದರೂ ಯಾರದೂ ಆಗದೆ ಉಳಿದಿರಬೇಕಲ್ಲ?

ನಿಮ್ಮ ಮನೆಯ ಹಿತ್ತಿಲಲ್ಲೂ ಯಾರಾದರೂ ಹೀಗೆ ಒಂದು ಗಿಡಕ್ಕೆ ಕಾವಲು ಕೂತಿದ್ದಾರೆಯೇ? ಹತ್ತಿರ ಕೂತು ಕೇಳಿ ನೋಡಿ. ಅವರೇನು ಹೇಳಿದರೆಂದು ನನಗೂ ನಾಲ್ಕು ಸಾಲು ಬರೆಯಿರಿ. ಕಾಗದ ಬಂದ ಕೂಡಲೇ ಮೊದಲು ಮೂಸಿ, ಆಮೇಲೆ ಓದುತ್ತೇನೆ!