ಲಿನಕ್ಸಿಗೆ ಬಿಟ್ಟ ಎರಡನೇ ಪಾಲು

ರಘುಪತಿ ಹೆಗಡೆಯವರ ಎದೆಗೆ ಹೆದರಿಕೆ ಹೊಕ್ಕಿದ್ದು ‘ಯೆಸ್’ ಒತ್ತಿದ ಮೇಲೆ. ಅದಕ್ಕೆ ಮುಂಚೆ ಅವರು ಸಿಂಹವೇ ಆಗಿದ್ದರು. (ಹೆಂಡತಿ ದೇವಕಿ ನೆಂಟರ ಉಪನಯನಕ್ಕೆಂದು ಮನ್ಮನೆ ಎಂಬ ಊರಿಗೆ ಹೋಗಿದ್ದಳು.)

ಸಿದ್ದಾಪುರದ ಸುತ್ತಮುತ್ತ ಅಣ್ಣತಮ್ಮಂದಿರ ಆಸ್ತಿ ಹಿಸೆ ಎಂದರೆ ಪಂಚಾಯ್ತಿಗೆ ಹೆಗಡೆಯವರು ಬರಲೇಬೇಕು. ಗದ್ದೆ, ಕೊಟ್ಟಿಗೆ, ತಾಮ್ರದ ಹಂಡೆ, ಒಂದು ಸಲ ಮುದಿ ಎಮ್ಮೆಯನ್ನೂ ಪಾಲು ಮಾಡಿದವರು. ಅಂಥವರ ಕೈಗೆ ಪತ್ರಿಕೆಯ ಜೊತೆ ಪುಕ್ಕಟೆ ಬಂದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ. ಸಿಕ್ಕಿತು. ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ವಿಂಡೋಸ್ 98ರ ಪಕ್ಕದಲ್ಲೇ ಇದೂ ಸಂಸಾರ ಹೂಡುತ್ತದಂತೆ. ಒಂದೇ ಸೂರು, ಎರಡು ಒಲೆ. ಇಷ್ಟಕ್ಕೆ ಇಂಜಿನಿಯರ್ ಬೇಕೆ?

ಪರದೆಯ ಮೇಲೆ ಎರಡು ಪಾಲು ಕಂಡವು. ಯಾವುದನ್ನು ತೆರವು ಮಾಡಲಿ ಎಂದು ಯಂತ್ರ ಕೇಳಿತು. ಹೆಗಡೆಯವರ ಕೈ ನಿಂತಿತು. ಪಾಲು ಮಾಡುವವನು ತಾನೇ ಆರಿಸಬಾರದು. ಅದು ಅವರು ಜೀವಮಾನವಿಡೀ ಪಾಲಿಸಿದ ಧರ್ಮ. ಮನ್ಮನೆಗೆ ಫೋನು ಹಚ್ಚಿದರು. ಪಾಯಸ ಬಡಿಸುತ್ತಿದ್ದ ದೇವಕಿ ಸೌಟು ಹಿಡಿದೇ ಫೋನಿಗೆ ಬಂದಳು.

“ಒಂದು ಹಿಸೆ ನಡೀತಾ ಇದ್ದು. ಹೊಸಬಂಗೆ ಯಾವ ಪಾಲು ಕೊಡದು, ಮೊದಲನೇದಾ, ಎರಡನೇದಾ?”

“ಯಾರ ಮನೇದು?”

“ಆಮೇಲೆ ಹೇಳ್ತೆ.”

“ಮೊದಲನೇದು ಹಿರಿಯಂಗೇ ಇರಲಿ, ಎರಡನೇದು ಕೊಡಿ. ಇಲ್ಲಿ ಪಂಕ್ತಿ ಕೂತಿದ್ದು, ಫೋನು ಇಡ್ತೆ.”

ತೀರ್ಪಾಯಿತು. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೆ?’ ಎಂದಿತು ಯಂತ್ರ. ಹೆಗಡೆಯವರು ಪಂಚರ ಗತ್ತಿನಲ್ಲಿ ‘ಯೆಸ್’ ಒತ್ತಿದರು.

ಅದರಲ್ಲಿ ಏನಿತ್ತು ಎಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ. ಕಂಪ್ಯೂಟರ್ ಜೋಡಿಸಿಕೊಟ್ಟ ಶಿರಸಿಯ ದಿನಕರನಿಗೆ ಫೋನಾಯಿಸಿದರು.

“ದೇವಕಿ ಅಕ್ಕನ ಹಾಡೆಲ್ಲ ಅದರಲ್ಲೇ ಇದ್ದು ಹೆಗಡೇರೆ. ವಿಂಡೋಸ್ ಕೆಟ್ಟರೂ ಹಾಡು ಉಳೀಲಿ ಹೇಳಿ ನಾನೇ ಅಲ್ಲಿ ಇಟ್ಟಿದ್ದಿ. ಎಂತಕ್ಕೆ ಕೇಳಿದ್ರಿ?”

“ಸುಮ್ನೆ” ಎಂದರು ಹೆಗಡೆಯವರು. ಸಿಂಹದ ಬಾಯಿಂದ ಇಲಿಯ ಸ್ವರ ಬಂತು.

ಹಾಡೆಂದರೆ ಮದುವೆಯ ಹಾಡು. ಬನವಾಸಿಯಿಂದ ಅರಬೈಲಿನವರೆಗೆ ಅಲೆದು, ಬೊಚ್ಚುಬಾಯಿಯ ಅಜ್ಜಿಯರಿಂದ ಹೇಳಿಸಿಕೊಂಡು ದೇವಕಿ ಟೈಪು ಮಾಡಿಟ್ಟದ್ದು. ಕೆಲವು ಅಜ್ಜಿಯರು ಈಗಿಲ್ಲ. ಮಹಿಳಾ ಮಂಡಳಿಯವರು ಅದನ್ನು ಪುಸ್ತಕ ಮಾಡುವವರಿದ್ದರು.

ಪರದೆಯ ಮೇಲೆ ಲಿನಕ್ಸ್ ನಿಶ್ಚಿಂತೆಯಿಂದ ಸಾಮಾನು ಇಳಿಸಿಕೊಳ್ಳುತ್ತಿತ್ತು. ಅದರ ಶೇಕಡಾ ಏರಿದಂತೆ ಹೆಗಡೆಯವರ ರಕ್ತ ಇಳಿಯಿತು. ಊರು ಬಿಡೋಣವೆಂದರೆ ಹೆಂಡತಿ ಬರುವ ಬಸ್ಸೇ ಎದುರಾದೀತು. ಕದಕ್ಕೆ ಚಿಲಕ ಹಾಕಿದರು. ಅವಳನ್ನು ಹೊರಗೆ ನಿಲ್ಲಿಸಿದರೆ ಶಿಕ್ಷೆ ಇಮ್ಮಡಿಯೆಂದು ತೆಗೆದರು. ತೆಗೆದ ಕದದಲ್ಲಿ ದೇವಕಿಯೇ ನಿಂತಿದ್ದಳು.

“ಎಂತ ಆತು? ಮುಖ ಬೆಳ್ಳಗಾಗಿದ್ದು.”

“ಹಿಸೆ ನಮ್ಮನೆದೇ ಆಗಿತ್ತು ಮಾರಾಯ್ತಿ. ಕಂಪ್ಯೂಟರಿಂದು. ನಿನ್ನ ಹಾಡು ಹೋತು.” ಅಷ್ಟಕ್ಕೇ ನಿಲ್ಲಿಸದೆ ಸೇರಿಸಿದರು, “ಎರಡನೇದು ಹೇಳಿ ನೀನೇ ಹೇಳಿದ್ದು.”

ಆ ಕೊನೆಯ ಮಾತು ಬೇಡವಿತ್ತು. ದೇವಕಿ ಒಳಗೆ ಹೋಗಿ ಸೀರೆ ಬದಲಿಸಿ, ನೀರು ಕುಡಿದು, ಮಣೆ ಎಳೆದುಕೊಂಡು ಕೂತಳು.

“ಬಾಯಲ್ಲಿ ಇದ್ದಷ್ಟು ಹಾಡ್ತೆ. ನಿಂಗ ಕೂತು ಟೈಪು ಹೊಡೀರಿ.”

ವಿಂಡೋಸಿನ ಬದಿಯಲ್ಲಿ ಕನ್ನಡ ಟೈಪು ಮಾಡುವ ತಂತ್ರಾಂಶ ಉಳಿದಿತ್ತು. ಹೆಗಡೆಯವರು ಎರಡು ಬೆರಳಲ್ಲಿ ಅಕ್ಷರ ಹುಡುಕುತ್ತ, ಮದುಮಗನನ್ನು ಹೀಯಾಳಿಸುವ ಹಾಡುಗಳನ್ನು ದಿನದಿನವೂ ಹೊಡೆದರು. ಒಂದು ದಿನ ಬೆರಳು ಗಕ್ಕನೆ ನಿಂತಿತು.

“‘ಊರ ಮನೆಗಳನೆಲ್ಲ ಒಡೆದ ಜಾಣನ ನೋಡಿ, ತನ್ನ ಮನೆಗೇ ತಾನು ಕತ್ತಿ ಹಾಕಿದನ ನೋಡಿ.’ ಇದು ಯಾವ ಅಜ್ಜಿದು?”

“ಆ ಅಜ್ಜಿ ಇನ್ನೂ ಬದುಕಿದ್ದು. ನಿಂಗ ಹೊಡೀರಿ.”

ಹೊಡೆದರು. ಆ ಹಾಡನ್ನೂ ಸೇರಿಸಿಕೊಂಡು ಪುಸ್ತಕ ಬಂತು. ಈಗ ಮದುವೆಮನೆಯ ಪಂಕ್ತಿಯಲ್ಲಿ ಹೆಗಡೆಯವರು ಕಂಬದ ಮರೆ ಹುಡುಕುತ್ತಾರೆ. ಹೆಂಗಸರು ಹಾಡಲು ಗಂಟಲು ಸರಿಮಾಡಿಕೊಂಡರೆ ಸಾಕು, ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಕೈತೊಳೆಯಲು ಏಳುತ್ತಾರೆ.