ಕತ್ತರಿಸಿ ಜೋಡಿಸುವ ಪಾಠ

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು ನಾನು. ಆರ್‌ಎನ್‌ಎ ಪಾಠ ಪ್ರತಿ ವರ್ಷ ಬರುತ್ತದೆ. ಅದು ಬಂದ ವಾರ ಏನಾದರೊಂದು ಆಗದೆ ಹೋದದ್ದಿಲ್ಲ. ಮೊದಲೆಲ್ಲ ತಡೆಯಲು ನೋಡುತ್ತಿದ್ದೆ. ಈಗ ಕುರ್ಚಿ ಎಳೆದುಕೊಂಡು ಕೂತುಬಿಡುತ್ತೇನೆ.

ಬೇಡದ ಭಾಗ

ಆಗ ಯಲ್ಲಾಪುರದಲ್ಲಿದ್ದೆ. ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎಯಲ್ಲಿ ಪ್ರೋಟೀನಿಗೆ ಬೇಡದ ತುಂಡುಗಳಿರುತ್ತವೆ, ಜೀವಕೋಶ ಅವನ್ನು ಕತ್ತರಿಸಿ ತೆಗೆದು, ಬೇಕಾದ ತುಂಡುಗಳನ್ನಷ್ಟೇ ಜೋಡಿಸುತ್ತದೆ ಎಂದು ಮೂರು ದಿನ ಗಂಟಲು ಹರಿದುಕೊಂಡು ಹೇಳಿದೆ. ನಾಲ್ಕನೇ ದಿನ ಕಿರುಪರೀಕ್ಷೆ. ನಂದೊಳ್ಳಿಯ ಹುಡುಗನೊಬ್ಬ ಎರಡು ಪುಟದ ಉತ್ತರಕ್ಕೆ ಎರಡೇ ಸಾಲು ಬರೆದಿದ್ದ.

"ಏನಪ್ಪಾ ಇದು?" ಎಂದೆ.

"ಮೊದಲು ಎರಡು ಪುಟ ಬರೆದಿದ್ದೆ ಸರ್. ಬೇಡದ್ದೆಲ್ಲ ತೆಗೆದೆ."

ಉಳಿದ ಎರಡು ಸಾಲೂ ತಪ್ಪಾಗಿತ್ತು.

ಕೈ ಹಿಡಿಯುವ ಪ್ರೋಟೀನು

ಸಿದ್ದಾಪುರಕ್ಕೆ ವರ್ಗವಾಯಿತು. ಅಲ್ಲಿ ಆರ್‌ಎನ್‌ಎ ಮುಗಿಸಿ ಅದೇ ವಾರ ಪ್ರೋಟೀನಿಗೆ ಬಂದಿದ್ದೆ. ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೇ ಎಷ್ಟೋ ಕೆಲಸ ಸಾಗುವುದು. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಿದ್ದರು. ಈ ಸಲ ಆಡಿಸಿಯೇ ತೋರಿಸೋಣವೆಂದು ಒಬ್ಬೊಬ್ಬರನ್ನೂ ಒಂದೊಂದು ಪ್ರೋಟೀನು ಮಾಡಿ, ಕೈ ಕೈ ಹಿಡಿದು ನಿಲ್ಲಿ ಎಂದೆ. ಕೋಲಸಿರ್ಸಿಯಿಂದ ಬಸ್ಸಿಗೆ ಬರುವ, ಯಾವತ್ತೂ ಬಾಯಿ ಬಿಡದ ಹುಡುಗಿ ಕೂಡ ನಗುತ್ತ ಎದ್ದು ಬಂದಳು. ಅಷ್ಟರಲ್ಲಿ ಪ್ರಾಂಶುಪಾಲರು ಬಾಗಿಲಿಗೆ ಬಂದರು. ಹಾವೇರಿ ಕಡೆಯವರು, ಶಿಸ್ತಿನ ಮನುಷ್ಯ.

"ಏನ್ ನಡಸೀರಿ ಇಲ್ಲೆ?"

"ಪ್ರೋಟೀನುಗಳ ಪರಸ್ಪರ ಕ್ರಿಯೆ ಸರ್."

ಅವರು ಸಾಲಿನ ಮೇಲೊಮ್ಮೆ ಕಣ್ಣಾಡಿಸಿದರು. "ನಡೀಲಿ. ಆದ್ರ ಗಂಡು ಪ್ರೋಟೀನ್ ಒಂದ್ ಕಡೆ, ಹೆಣ್ಣು ಪ್ರೋಟೀನ್ ಒಂದ್ ಕಡೆ ನಿಲ್ಲಸ್ರಿ."

ಮರುದಿನದಿಂದ ಮತ್ತೆ ಬೋರ್ಡಿಗೇ ಹೋದೆ.

ಶನಿವಾರ

ಈಗ ಶಿರಸಿಯಲ್ಲಿದ್ದೇನೆ. ಹೋದ ವರ್ಷ ಮತ್ತಿಘಟ್ಟದ ಕಡೆಯ ಕೃಷಿಕರೊಬ್ಬರು ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಹುಡುಗಿಯ ಕಣ್ಣು ಕೆಂಪಾಗಿತ್ತು.

"ಇವ್ಳಿಗೆ ಸೈನ್ಸು ತಲೆಗೆ ಹತ್ತತ್ತಿಲ್ಲೆ ಮಾಸ್ತರ್ರೆ. ಬಿಡಿಸ್ತೆ," ಎಂದರು ಅಪ್ಪ.

ನಾಲ್ಕು ತಾಸು ಪಾಠ ಮಾಡಿ ದಣಿದಿದ್ದೆ. ಬಿಡಿಸಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹುಡುಗಿಯ ಮುಖ ನೋಡಿ ಬಾಯಿ ಬರಲಿಲ್ಲ. ಶನಿವಾರ ಮಧ್ಯಾಹ್ನ ಕಳಿಸಿ, ಬೇರೆಯಾಗಿ ಹೇಳಿಕೊಡುತ್ತೇನೆ ಎಂದೆ. ಅಪ್ಪ ಒಪ್ಪಿದರು.

ಎರಡು ಶನಿವಾರ ಹುಡುಗಿ ಬಂದಳು. ಮೂರನೆಯದಕ್ಕೆ ಅಪ್ಪ ಒಬ್ಬರೇ ಬಂದರು, ಕೈಯಲ್ಲಿ ಮಗಳ ನೋಟ್‌ಬುಕ್ಕು.

"ಮಗಳಿಗೆ ಜ್ವರ. ಪಾಠ ತಪ್ಪದು ಬೇಡ ಹೇಳಿ ಆನೇ ಬಂದೆ."

ಎದುರಿಗೆ ಕೂತೇಬಿಟ್ಟರು. ವಿಧಿಯಿಲ್ಲದೆ ಹೇಳಿದೆ. ಜೀನ್ ಒಂದೇ ಆದರೂ ಅದರ ಆರ್‌ಎನ್‌ಎಯ ತುಂಡುಗಳನ್ನು ಆರಿಸಿ ಜೋಡಿಸುವ ರೀತಿ ಬೇರೆಯಾದರೆ ಬೇರೆ ಪ್ರೋಟೀನು ಹುಟ್ಟುತ್ತದೆ ಎಂದು, ಚಿತ್ರ ಬರೆದು ಎರಡೆರಡು ಸಲ ಹೇಳಿದೆ.

ಅವರು ಚಿತ್ರದ ತುಂಡುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ಅಂದ್ರೆ ಹಲಸಿನಕಾಯಿ ನಮೂನೆ. ಹಪ್ಪಳಕ್ಕಾದ್ರೆ ಸೊಳೆ ಅಷ್ಟೇ ಸಾಕು, ಒಳಗಿನ ಬೇಳೆ ಬೇಡ. ಹುಳಿಗಾದ್ರೆ ಎರಡೂ ಬೇಕು. ಕಾಯಿ ಒಂದೇಯ, ಅಲ್ದಾ?"

ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ. ಹೌದು ಎಂದೆ. ಅವರು ನೋಟ್‌ಬುಕ್ಕು ಮಡಚಿಕೊಂಡು ಹೋದರು.

ವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಪಾಸಾದಳು. ಅಪ್ಪನ ಜೊತೆ ಪೇಡೆ ತಗೊಂಡು ಬಂದಳು. ನನಗೂ ಖುಷಿಯೇ. ಯಾವ ಪಾಠ ಸುಲಭವಾಯಿತು ಎಂದು ಕೇಳಿದೆ. ಕೇಳಬಾರದಿತ್ತು.

"ಜ್ವರ ಬಂದಾಗಿನ ಪಾಠ ಒಂದೇ ಸರ್ ಪೂರ್ತಿ ಅರ್ಥ ಆದದ್ದು. ಅದನ್ನ ಅಪ್ಪ ಹೇಳಿಕೊಟ್ಟಿದ್ದು."

ಅಪ್ಪ ಸಂಕೋಚದಿಂದ ನನ್ನ ಕೈಗೆ ಇನ್ನೊಂದು ಪೇಡೆ ಇಟ್ಟರು.